ಇಲಿಯಕ್ಕ ಕೊಟ್ಟ ಸೂರ್ಯಕಾಂತಿ ಬೀಜ

ಪ್ರಯೋಗಾಲಯದಲ್ಲಿ ಎಲ್ಲರೂ ಅವಳನ್ನು ಇಲಿಯಕ್ಕ ಎಂದೇ ಕರೆಯುತ್ತಿದ್ದರು. ಹದಿನೆಂಟು ವರ್ಷ ಇಲಿಗೂಡು ತೊಳೆದು ನೀರಿಟ್ಟವಳಿಗೆ ಇನ್ನೇನು ಬಿರುದು ಸಿಗಬೇಕು?

ಈ ಸಲದ ಪರೀಕ್ಷೆ ಮಾತ್ರ ಅವಳ ಮನೆಯ ವಿಷಯವೇ ಆಗಿತ್ತು. ಅವಳ ತಮ್ಮ ಚಿಕ್ಕಂದಿನಿಂದಲೂ ಹೆಜ್ಜೆಗೊಮ್ಮೆ ಎಡವುವವನು. ಅವನ ಒಂದು ಜೀನ್ ಕೆಟ್ಟಿದೆ, ಎಡವುವುದಕ್ಕೆ ಅದೇ ಕಾರಣವೋ ಏನೋ ಗೊತ್ತಿಲ್ಲ ಎಂದಿದ್ದರು ವೈದ್ಯರು. "ಜೀನೂ ಇಲ್ಲ ಗೀನೂ ಇಲ್ಲ, ಎಲ್ಲಾ ಮೈಗಳ್ಳತನ" ಎಂದು ಅಪ್ಪ ಇಂದಿಗೂ ಬೈಯುತ್ತಿದ್ದರು. ಈಗ ಪ್ರಯೋಗಾಲಯದ ಮೇಡಂ ಅದೇ ಜೀನ್ ಕೆಡಿಸಿದ ಇಲಿಗಳನ್ನೂ ಸಾಮಾನ್ಯ ಇಲಿಗಳನ್ನೂ ತಿರುಗುವ ಕೋಲಿನ ಮೇಲೆ ನಿಲ್ಲಿಸಿ, ಎಷ್ಟು ಹೊತ್ತಿಗೆ ಬೀಳುತ್ತವೆಂದು ನೋಡುತ್ತಿದ್ದರು. ಅಪ್ಪನ ಬಾಯಿ ಮುಚ್ಚಿಸುವ ಉತ್ತರ ಅಲ್ಲಿತ್ತು.

ಕೆಟ್ಟ ಜೀನಿನವು ದಬದಬನೆ ಬಿದ್ದವು. ಮೇಡಂ ಮುಖ ಅರಳಿತು. ಇಲಿಯಕ್ಕ ಮಾತ್ರ ಜೇಬಿನಲ್ಲಿದ್ದ ಬೀಜಗಳನ್ನು ಮುಟ್ಟಿಕೊಂಡಳು. ಕೆಂಪು ಚೀಟಿಯ ಗೂಡಿನ ಆ ಇಲಿಗಳನ್ನು ಕಂಡಾಗಲೆಲ್ಲ ತಮ್ಮ ನೆನಪಾಗಿ, ಒಂದೂವರೆ ತಿಂಗಳು ಅವಕ್ಕೆ ಕದ್ದುಮುಚ್ಚಿ ಸೂರ್ಯಕಾಂತಿ ಬೀಜ ತಿನ್ನಿಸಿದ್ದಳು. ತಿಂದು ತಿಂದು ಗುಂಡಗಾಗಿದ್ದವು. ಅದೂ ಜೀನಿನ ಕೆಲಸವೇ ಎಂದುಕೊಂಡಿದ್ದರು ಮೇಡಂ.

ಸುಮ್ಮನಿದ್ದುಬಿಡಲೇ? ಒಂದು ರಾತ್ರಿ ನಿದ್ದೆಗೆಟ್ಟದ್ದೇ ಸಾಕಾಯಿತು. ಬೆಳಿಗ್ಗೆ ನೇರವಾಗಿ ಮೇಡಂ ಮುಂದೆ ನಿಂತಳು.

"ತಪ್ಪು ನಂದು ಮೇಡಂ. ಕೆಂಪು ಚೀಟಿಯವಕ್ಕೆ ನಾನೇ ಬೀಜ ಹಾಕ್ತಿದ್ದೆ. ತೂಕಕ್ಕೇ ಬಿದ್ದಿರಬಹುದು."

ಮೇಡಂ ತಲೆ ಮೇಲೆ ಕೈಹೊತ್ತು ಕೂತರು. "ಅಷ್ಟೂ ಕೆಲಸ ಮಣ್ಣುಪಾಲು ಮಾಡಿದ್ರಲ್ಲ ಇಲಿಯಕ್ಕ!"

"ಹೊಸ ಮರಿಗಳಿಂದ ಮತ್ತೆ ಶುರು ಮಾಡೋಣ. ಚೀಟಿ ತೆಗೆದು ಬರೀ ನಂಬರ್ ಹಾಕಿ. ಯಾವುದು ಯಾವುದಂತ ನಂಗೆ ಗೊತ್ತಾಗೋದೇ ಬೇಡ. ನನ್ನ ಕೈ ಮೇಲೆ ನಂಗೇ ನಂಬಿಕೆ ಇಲ್ಲ."

ಮೇಡಂ ಮೂರನೆಯ ದಿನ ಒಪ್ಪಿದರು.

ನಾಲ್ಕು ತಿಂಗಳು ಇಲಿಯಕ್ಕ ಮನಸ್ಸು ಕಲ್ಲು ಮಾಡಿಕೊಂಡಳು. ಎಲ್ಲಕ್ಕೂ ಒಂದೇ ಅಳತೆಯ ತಿಂಡಿ, ದಿನವೂ ತೂಕ. ಮರಿಗಳು ಜಾಲರಿಗೆ ಮೂಗು ಒತ್ತಿ ಅವಳತ್ತ ನೋಡಿದರೆ ಮುಖ ತಿರುಗಿಸುತ್ತಿದ್ದಳು. ಪಾಪ ಅನಿಸದೆ ಇರುತ್ತಿರಲಿಲ್ಲ. ಕೋಲು ತಿರುಗಿತು, ಸೆಕೆಂಡುಗಳನ್ನು ಬರೆದಾಯಿತು. ಆಮೇಲೆ ಮೇಡಂ ನಂಬರುಗಳ ಪಟ್ಟಿ ಬಿಚ್ಚಿದರು.

ಆ ಸಂಜೆ ಇಲಿಯಕ್ಕ ಚಪ್ಪಲಿಯನ್ನೂ ಬಿಡದೆ ಅಪ್ಪನ ಎದುರು ನಿಂತಳು. ತಮ್ಮ ಗೋಡೆ ಹಿಡಿದು ಬಾಗಿಲಿಗೆ ಬಂದ.

"ಎಲ್ಲಾ ಇಲಿಗಳ ತೂಕವೂ ಒಂದೇ ಇತ್ತಪ್ಪ. ಆದ್ರೂ ಇವನ ಹಾಗೆ ಆ ಜೀನ್ ಕೆಟ್ಟವೇ ಬೇಗ ಬಿದ್ದವು. ಅವೂ ಮೈಗಳ್ಳರಾ?"

ಅಪ್ಪ ಕನ್ನಡಕ ತೆಗೆದರು. ಮಗನ ಕಾಲುಗಳನ್ನೇ ನೋಡುತ್ತ ಹೇಳಿದರು.

"ಮೂವತ್ತು ವರ್ಷ ಬೈದೆನಲ್ಲೋ ಮಗನೇ."