ಮೊರ ಸೀಳಿದ ವಿಮಾನ

ರಿಮೋಟ್ ವಿಮಾನ ನೆಟ್ಟಗೆ ಓಡಲಿಲ್ಲ. ಮೇಲೇಳುವ ಮೊದಲೇ ಎಡಕ್ಕೆ ತಿರುಗಿ, ಕಣದ ಅಂಚಿನಲ್ಲಿ ಕೂತು ರಾಗಿ ಕೇರುತ್ತಿದ್ದ ಪುಟ್ಟಮ್ಮಜ್ಜಿಯ ಕಡೆಗೆ ನುಗ್ಗಿತು. ಅಜ್ಜಿ ಮೊರ ಅಡ್ಡ ಹಿಡಿದರು. ಮೂತಿಯಲ್ಲಿ ತಿರುಗುತ್ತಿದ್ದ ಫ್ಯಾನು ಬಿದಿರನ್ನು ಸೀಳಿ, ಅವರ ಬೆರಳುಗಳಿಂದ ಎರಡು ಅಂಗುಲ ದೂರದಲ್ಲಿ ಸಿಕ್ಕಿಕೊಂಡು ನಿಂತಿತು.

ಬೈರಾಪಟ್ಟಣದ ಆ ಕಣ ಅಜ್ಜಿಯದೇ. ಸಗಣಿ ಸಾರಿಸಿದ ನುಣುಪು ನೆಲವೆಂದು ನನ್ನ ಗೆಳೆಯ ಮಹೇಶ ವಿಮಾನ ಹಾರಿಸಲು ಕೇಳಿಕೊಂಡಿದ್ದ. ಹಿಂದಿನ ವಾರ ಇಳಿಯುವಾಗ ಬಾಗಿದ್ದ ಗಾಲಿಯ ಕಂಬಿಯನ್ನು ಅವನು ಕೈಯಲ್ಲೇ ತಿದ್ದಿದ್ದನ್ನು ನಾನು ಕಂಡಿದ್ದೆ. ಓಡಿ ಬಂದವನು ಮೊದಲು ಹೇಳಿದ್ದು, "ಥೂ, ಫ್ಯಾನ್ ಮುರ್ದೋಯ್ತಲ್ಲಾ!"

ನನ್ನ ಮೈ ಉರಿಯಿತು. ನಾನು ಬಾಯಿ ತೆರೆಯುವ ಮೊದಲೇ ಅಜ್ಜಿ ವಿಮಾನವನ್ನು ಮೊರದಿಂದ ಬಿಡಿಸಿ ನೆಲಕ್ಕಿಟ್ಟು ಮೆಲ್ಲನೆ ತಳ್ಳಿದರು. ಅದು ಎಡಕ್ಕೇ ಹೋಯಿತು. ಚನ್ನಪಟ್ಟಣದಲ್ಲಿ ಮರದ ಆಟಿಕೆಗಳಿಗೆ ಗಾಲಿ ಜೋಡಿಸಿ ಬದುಕಿದವರು ಅವರು.

"ಎಳೆ ಮಕ್ಳು ಆಡೋ ಗಾಡಿನೇ ಒಂದ್ಸಲ ಉರುಳಿಸಿ ನೋಡ್ದೆ ಕೊಡ್ತಿರ್ಲಿಲ್ಲ ಕಣ್ಲಾ ನಾವು. ನೀನು ಕತ್ತಿಯಂಗೆ ತಿರ್ಗೋದ್ನ ಹಂಗೇ ಬುಟ್ಬುಟ್ಯಲ್ಲೋ!" ಎಂದರು.

ಮಹೇಶನೊಂದಿಗೆ ನಾನಿನ್ನೂ ಮಾತಾಡಿಲ್ಲ. ಒಮ್ಮೆ ತಳ್ಳಿ ನೋಡು ಎಂದು ಅಂದು ನಾನೂ ಹೇಳಿರಲಿಲ್ಲ. ಅಜ್ಜಿ ಸೀಳಿಗೆ ಸಗಣಿ ಮೆತ್ತಿ ಅದೇ ಮೊರದಲ್ಲಿ ಕೇರುತ್ತಿದ್ದಾರೆ. ಆ ದಾರಿಯಲ್ಲಿ ಹೋದಾಗಲೆಲ್ಲ ನನ್ನ ಕಣ್ಣು ಮೊದಲು ಹುಡುಕುವುದು ಅವರ ಬೆರಳುಗಳನ್ನು.