ಉಗ್ರಾಣದಲ್ಲಿದ್ದ ಮಾವೋರಿ ಅಜ್ಜ

ಹಿರಿಯರು ಎದುರಾದರೆ ಬಾಗಿ ಕಾಲು ಮುಟ್ಟಬೇಕೆಂದು ಸರೋಜಿನಿಗೆ ತನ್ನೂರು ಬ್ರಹ್ಮಾವರದಲ್ಲಿ ಕಲಿಸಿದ್ದರು. ಅದೇ ಗಳಿಗೆಯಲ್ಲಿ ಹಿರಿಯರೂ ಮೂಗಿಗೆ ಮೂಗು ತಾಗಿಸಲು ಬಾಗಿದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಹೀಗಾಗಿ ಅವಳ ನೆತ್ತಿ, ನ್ಯೂಜಿಲೆಂಡಿನಿಂದ ಬಂದ, ಅಲ್ಲಿನ ಮೂಲನಿವಾಸಿ ಮಾವೋರಿಗಳ ಹಿರಿಯ ಹೋನೆಯವರ ಮೂಗಿಗೆ ಫಟ್ಟನೆ ಬಡಿಯಿತು.

ಆಕೆ ವಾಷಿಂಗ್ಟನ್ನಿನ ಮ್ಯೂಸಿಯಂ ಒಂದರ ಉಗ್ರಾಣದಲ್ಲಿ ಪ್ಯಾಕಿಂಗ್ ಮಾಡುವ ಹಂಗಾಮಿ ಉದ್ಯೋಗಿ. ತೊಂಬತ್ತಾರರ ಆ ಚಳಿಗಾಲದಲ್ಲಿ ಮರದ ಮಾವೋರಿ ಮೂರ್ತಿಯೊಂದನ್ನು ಅದರ ಊರಿಗೆ ಮರಳಿಸಬೇಕಿತ್ತು. ಎಡವಟ್ಟಿಲ್ಲದೆ ಮುಗಿದರೆ ಕೆಲಸ ಕಾಯಂ ಎಂದಿದ್ದರು. ಆರಂಭವೇ ರಕ್ತಪಾತ.

“ಅಯ್ಯೋ, ಅವರಲ್ಲಿ ತಲೆ ‘ತಪು’ ಕಣೇ!” ಎಂದು ಆಫೀಸಿನ ಉಷಾ ಪಿಸುಗುಟ್ಟಿದಳು.

“ತಪ್ಪಾಯ್ತು ಅಂತ ಗೊತ್ತುಂಟು ಮಾರಾಯ್ತಿ.”

“ತಪ್ಪಲ್ಲ, ತಪು! ಪವಿತ್ರ, ಟಚ್ ಮಾಡೋ ಹಾಗಿಲ್ಲ. ನಿಮ್ಮಜ್ಜಿ ಮಡಿ ಇದ್ದಂಗೆ.”

ಹೋನೆ ಮೂಗಿನ ರಕ್ತ ಒರೆಸಿಕೊಂಡು, ನಕ್ಕು, ಮತ್ತೆ ಬಾಗಿ, ಮೂಗು ಹಣೆ ತಾಗಿಸಿ ಉಸಿರೆಳೆದರು. ಇದು ‘ಹೊಂಗಿ’, ಉಸಿರು ಬೆರೆತ ಮೇಲೆ ನೀನು ಹೊರಗಿನವಳಲ್ಲ, ಮನೆಯವಳು ಎಂದರು. ಮೂರ್ತಿಯೂ ಅವರಿಗೆ ಬೊಂಬೆಯಲ್ಲ, ‘ತುಪುನ’, ಬದುಕಿರುವ ಪೂರ್ವಜ. ಹೊರಡುವ ಮುನ್ನ ಆತನನ್ನು ಒಂಟಿಯಾಗಿ ಬಿಡಬಾರದು. ತಾವು ಮೇಲಿನ ಆಫೀಸಿನಲ್ಲಿ ಕಾಗದಪತ್ರಕ್ಕೆ ಸಹಿ ಹಾಕಿ ಬರುವತನಕ ಮನೆಯವಳೇ ಜೊತೆಗೆ ಕೂರಲಿ. ಟ್ರಕ್ಕಿನ ಹಾರ್ನ್ ಕೇಳಿದೊಡನೆ ಹಿಂಬಾಗಿಲು ತೆರೆಯಲಿ. ತಡವಾದರೆ ವಿಮಾನ ತಪ್ಪುತ್ತದೆ.

ಉಷಾ ಗಾಜಿನ ಬಾಗಿಲಿನಾಚೆಯೇ ಉಳಿದಳು.

ಕಿಟಕಿಯಿಲ್ಲದ ಕೋಣೆ. ಮೂರ್ತಿಯ ಚಿಪ್ಪಿನ ಕಣ್ಣುಗಳು ಹಸಿರಾಗಿ, ನೀಲಿಯಾಗಿ, ಮತ್ತೆ ಹಸಿರಾದವು. ಸ್ವಲ್ಪ ಹೊತ್ತಿಗೆ ಉಸಿರು ಕೇಳಿಸಿತು. ತನ್ನದೇ ಇರಬೇಕೆಂದು ಸರೋಜಿನಿ ಬಿಗಿಹಿಡಿದಳು. ಅದು ನಿಲ್ಲಲಿಲ್ಲ. ಎಳೆದುಕೊಂಡಿತು, ತಡೆಯಿತು, ಬಿಟ್ಟಿತು. ಕೆನ್ನೆಗೆ ಬೆಚ್ಚಗೆ ತಾಗಿತು. ಒದ್ದೆ ಮಣ್ಣಿನ ವಾಸನೆ. ಕುರ್ಚಿ ಹಿಂದೆ ಸರಿಸಿದಳು, ಉಸಿರೂ ಸರಿದು ಬಂತು. ಬಾಗಿಲಿನ ಗಾಜಿಗೆ ಒಳಗಿನಿಂದ, ಅವಳ ತಲೆಗಿಂತ ಬಹಳ ಎತ್ತರದಲ್ಲಿ, ಆವಿ ಕಟ್ಟಿತು. ಕರಗಿತು. ಮತ್ತೆ ಕಟ್ಟಿತು. ಅದರ ಕೆಳಗೆ, ಗಾಜಿನಾಚೆ, ಉಷಾಳ ಮುಖ ಸುಣ್ಣದಂತಾಗಿತ್ತು. ಸದ್ದು ಏರುತ್ತಾ ಏರುತ್ತಾ ಕೋಣೆಯೇ ಎದೆಯಂತೆ ಉಬ್ಬಿ ಇಳಿಯತೊಡಗಿತು.

ಸರೋಜಿನಿ ಎದ್ದಳು. ಮೂರ್ತಿಯ ಕಿವಿಯ ಬಳಿ ಏನೋ ಹೇಳಿದಳು. ಸದ್ದು ತಟ್ಟನೆ ತಗ್ಗಿತು.

ಹೊರಗೆ ಹಾರ್ನ್. ಅವಳು ಹಿಂಬಾಗಿಲು ತೆರೆದಳು. ಮರದ ಅಜ್ಜ ವೇಳೆಗೆ ಸರಿಯಾಗಿ ಹೊರಟ. ಮರುದಿನ ಕೆಲಸ ಕಾಯಂ ಆಯಿತು.

ಉಷಾಳಿಗೆ ಮಾತ್ರ ತಡೆಯಲಾಗಲಿಲ್ಲ. “ನಾನು ಕಣ್ಣಾರೆ ನೋಡ್ದೆ ಕಣೇ. ಅದ್ಯಾವ ಮಂತ್ರ ಹೇಳ್ದೆ?”

“ಎಂಥ ಮಂತ್ರ? ಸ್ವಲ್ಪ ಮೆಲ್ಲ ಉಸಿರಾಡಿ ಅಜ್ಜ, ಹಾರ್ನ್ ಕೇಳುದಿಲ್ಲ ಅಂದೆ.”