ಬಳಿಯದೆ ಬಿಟ್ಟ ಜಾಗ

ನನ್ನ ಗಂಡ ಪೇಂಟರ್. ಬಣ್ಣ ಬಳಿಯುವುದೆಂದರೆ ಇದ್ದದ್ದನ್ನು ಮುಚ್ಚುವುದು. ಇಷ್ಟು ಎಳೆಕೂಸಿಗೂ ಗೊತ್ತು, ಇವರಿಗೆ ಮಾತ್ರ ತಲೆಗೆ ಹೋಗುವುದಿಲ್ಲ. ತೇವದ ಗೋಡೆ ಕಂಡರೆ ಬ್ರಷ್ ಕೆಳಗಿಟ್ಟು, "ಮೊದಲು ಪೈಪ್ ರಿಪೇರಿ ಮಾಡಿಸಿ, ಆಮೇಲೆ ನನ್ನ ಕರೀರಿ" ಎಂದು ಹೇಳಿ ಬರುತ್ತಾರೆ. ಮಾಲೀಕರು ಆಮೇಲೆ ಕರೆಯುವುದು ಬೇರೆ ಪೇಂಟರನ್ನು. ಯಾರಾದರೂ ಹಟ ಹಿಡಿದು ಬಳಿಸಿಕೊಂಡರೆ, ಇಡೀ ಗೋಡೆ ಮಿರಮಿರ ಮಿಂಚುವಂತೆ ಮಾಡಿ, ಒಸರುವ ಕಡೆ ಅಂಗೈಯಗಲ ಜಾಗ ಮಾತ್ರ ಹಾಗೇ ಬಿಟ್ಟು ಬರುತ್ತಾರೆ. ಮುಂದೆ ಆ ಮನೆಗೆ ಬರುವವರಿಗೆ ತಿಳಿಯಲಂತೆ! ಜೊತೆಯ ಪೇಂಟರುಗಳು ಇವರಿಗೆ 'ಅಂಗೈ' ಎಂದೇ ಹೆಸರಿಟ್ಟಿದ್ದಾರೆ, ಈಗ ಊರಿಗೆಲ್ಲ ಅದೇ ಗೊತ್ತು. ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರಲ್ಲ, ಆ ಹುಣ್ಣನ್ನು ಕಟ್ಟಿಕೊಂಡವಳು ನಾನು.

ಇವರಿಗೇನು, ದಿಂಬಿಗೆ ತಲೆ ತಾಗುವುದೇ ತಡ, ಗೊರಕೆ. ಸಂಸಾರ ತೂಗಿಸುವ ತಲೆನೋವು ನನ್ನದು.

ನಮ್ಮ ಮನೆ ಮೂರನೆಯ ಮಹಡಿಯಲ್ಲಿದೆ. ಲಿಫ್ಟ್ ಇಲ್ಲ. ನನ್ನ ಮೊಣಕಾಲುಗಳು ಸವೆದು ಹೋಗಿವೆ. ಇಳಿದರೆ ಮತ್ತೆ ಹತ್ತಬೇಕಲ್ಲ ಎಂಬ ಭಯಕ್ಕೆ ತಂಗಿಯ ಮನೆಗೆ ಹೋಗುವುದನ್ನೇ ಬಿಟ್ಟಿದ್ದೆ. ಅಷ್ಟರಲ್ಲಿ ಬೇಕರಿಯ ಹಿಂದೆ ನೆಲಮಟ್ಟದ ಪುಟ್ಟ ಮನೆಯೊಂದು ಮಾರಾಟಕ್ಕೆ ಬಂತು. ನಮ್ಮದನ್ನು ಮಾರಿದರೆ ಅದು ನಮಗೆ ಸಿಗುತ್ತಿತ್ತು. ಅದರ ಒಡತಿ ತಿಂಗಳ ಕೊನೆಯವರೆಗೆ ಕಾಯುತ್ತೇನೆಂದರು.

ಮಾರುವುದು ಹೇಗೆ? ನಮ್ಮ ಮಲಗುವ ಕೋಣೆಯಲ್ಲೇ ಆ ಅಂಗೈಯಗಲದ ಕರಿ ಮಚ್ಚೆ ಹಲ್ಲು ಕಿರಿಯುತ್ತಿತ್ತು. ಮೇಲಿನ ಮನೆಯ ಬಚ್ಚಲಿನ ನೀರು ಅದು. ಆ ಮನೆಯವರು ಪೈಪ್ ಮುಟ್ಟಲು ಬಿಡುವುದಿಲ್ಲ. ನೋಡಲು ಬಂದ ಇಬ್ಬರೂ ಅದನ್ನು ಕಂಡು ಬಂದ ದಾರಿಗೆ ಸುಂಕವಿಲ್ಲವೆಂದು ಹೋದರು.

"ರೀ, ಅದೊಂದನ್ನ ಬಳಿದುಬಿಡಿ. ನಮ್ಮ ಮನೇನೇ ಅಲ್ವಾ?" ಎಂದೆ.

"ನಾವೇ ಇರೋದಾದ್ರೆ ಬಳೀತಿದ್ದೆ. ನಾಳೆ ಇನ್ನೊಬ್ಬರು ಮಲಗ್ತಾರಲ್ಲ."

"ಹಾಗಾದ್ರೆ ಆ ಗೋಡೆ ಜೊತೇನೇ ಸಂಸಾರ ಮಾಡಿ."

ಇಂಥವರ ಜೊತೆ ಜಗಳವಾಡುವುದೂ ಒಂದು ಕರ್ಮ.

ಮರುವಾರ ಕ್ಲಿನಿಕ್ಕಿನಿಂದ ಬರುವಾಗ ಎರಡನೆಯ ಮಹಡಿಯ ಮೆಟ್ಟಿಲಲ್ಲಿ ಕೂತವಳು ಏಳಲಾರದೆ ಹೋದೆ. ಇವರು ಬಂದು ಕಂಕುಳಿಗೆ ಕೈ ಕೊಟ್ಟು, ಮಗುವನ್ನು ನಡೆಸಿದಂತೆ ಮೇಲೆ ಕರೆತಂದರು. ಬೆಳಿಗ್ಗೆ ಎದ್ದರೆ ಮನೆಯೆಲ್ಲ ಹಸಿ ಬಣ್ಣದ ವಾಸನೆ. ಗೋಡೆಯಲ್ಲಿ ಮಚ್ಚೆ ಇಲ್ಲ. ಎಲ್ಲಿತ್ತೆಂದು ನಾನೇ ತಡಕಾಡಬೇಕಾಯಿತು.

"ಸಂಜೆ ಮನೆ ನೋಡೋಕೆ ಜನ ಬರ್ತಾರಲ್ಲ, ನೀನೇ ತೋರಿಸು. ನಾನಿರಲ್ಲ" ಎಂದು ತಿಂಡಿ ಮುಟ್ಟದೆ ಹೊರಟರು. ಬ್ರಷ್ ತೊಳೆಯದೆ ಇಟ್ಟವರೇ ಅಲ್ಲ. ಅಂದು ಅದು ಡಬ್ಬಿಯಲ್ಲೇ ಒಣಗುತ್ತಿತ್ತು. ಗೆದ್ದೆನೆಂದು ಹಿಗ್ಗಬೇಕಾದವಳು ಆ ಬ್ರಷ್ಷನ್ನು ನೀರಿಗೆ ಹಾಕಿ ತಿಕ್ಕುತ್ತ ಕೂತೆ.

ಸಂಜೆ ಶಾಲಾ ಬಸ್ಸಿನ ಡ್ರೈವರೊಬ್ಬ ಹೆಂಡತಿಯೊಂದಿಗೆ ಬಂದ. ಅಡುಗೆಮನೆಯ ನಲ್ಲಿ ತಿರುಗಿಸಿದ, ಕಿಟಕಿ ಎಳೆದು ನೋಡಿದ, ಬಾಗಿಲು ತಟ್ಟಿದ. ಮಲಗುವ ಕೋಣೆಗೆ ಬಂದು, "ಪೇಂಟಿಂಗ್ ಯಾರು ಮಾಡಿದ್ದಮ್ಮಾ?" ಎಂದ.

"ನಮ್ಮ ಯಜಮಾನರು. ಎಲ್ಲರೂ 'ಅಂಗೈ' ಅಂತಾರಲ್ಲ, ಅವರೇ."

"ಅಂಗೈ ಅವರ ಮನೆನಾ ಇದು? ಅಯ್ಯೋ, ಮೊದಲೇ ಹೇಳಬಾರದಾ?" ಅವನು ಹೆಂಡತಿಯ ಕಡೆ ತಿರುಗಿದ. "ಗೋಡೆ ನೋಡೋದೇ ಬೇಡ ಕಣೆ. ಅವರು ಪೂರ್ತಿ ಬಳಿದಿದ್ದಾರೆ ಅಂದ್ರೆ ಒಣಗಿದೆ ಅಂತಾನೇ ಲೆಕ್ಕ."

ಆಕೆ ನಿರಾಳವಾಗಿ ಬಸುರಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಮ್ಮ ಮಂಚದ ಮೇಲೆ ಕೂತಳು. ಅವನು ಮುಂಗಡ ಕೊಡಲು ಜೇಬಿಗೆ ಕೈ ಹಾಕಿದ. ಸುಮ್ಮನೆ ಕೈ ಚಾಚಿದ್ದರೆ ನನ್ನ ಕೆಲಸ ಮುಗಿಯುತ್ತಿತ್ತು. ಹಾಳು ಬಾಯಿ ಕೇಳಬೇಕಲ್ಲ. ಮೇಲಿನ ಬಚ್ಚಲ ನೀರು, ರಾತ್ರಿ ಬಳಿದ ಬಣ್ಣ, ಎಲ್ಲವನ್ನೂ ಒದರಿಬಿಟ್ಟೆ. ಅವನು ಜೇಬಿನಿಂದ ಬರಿಗೈ ತೆಗೆದು, ಹೆಂಡತಿಯನ್ನು ಎಬ್ಬಿಸಿಕೊಂಡು ಹೋದ.

ಇವರು ಬಂದವರೇ, "ಏನಂದ್ರು?" ಎಂದರು. ಹೇಳಿದೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ದನಿಯೆತ್ತದ ಮನುಷ್ಯ ಅಂದು ಕೂಗಿದರು. "ಯಾಕೆ ಹೇಳ್ದೆ? ನಿನಗೋಸ್ಕರ ತಾನೇ ಬಳಿದಿದ್ದು?"

"ನೀವು ಬಳಿದಿದ್ದೀರಿ ಅಂತ ಅವರು ಗೋಡೆ ಮುಟ್ಟಿ ಕೂಡ ನೋಡಲಿಲ್ಲ ಕಣ್ರೀ" ಎಂದೆ.

ಇವರು ನೆಲದ ಮೇಲೆ ಕುಸಿದು ಕೂತು, ನನ್ನ ಮೊಣಕಾಲಿಗೆ ಹಣೆ ಒತ್ತಿ ಅತ್ತುಬಿಟ್ಟರು. ಬೇಕರಿಯ ಹಿಂದಿನ ಮನೆ ಆ ತಿಂಗಳ ಕೊನೆಗೆ ಬೇರೆಯವರ ಪಾಲಾಯಿತು.